ಹೆಸರು ಬರೆದಿಲ್ಲ, ಆದರೂ ಊರಿಗೆಲ್ಲ ಗೊತ್ತು

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮದು ಒಂಬತ್ತು ಮನೆಯ ಊರು. ಮೂರು ವರ್ಷದ ಹಿಂದೆ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಬಂದು ಜಮೀನು, ಸಾಲ, ಕಾಯಿಲೆ ಎಲ್ಲ ಬರೆದುಕೊಂಡರು. ಹೆಸರು ಎಲ್ಲೂ ಬರುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಈಗ ಅವರ ಪ್ರಬಂಧ ಓದಿದೆ. ಹೆಸರಿಲ್ಲ, ನಿಜ. ಆದರೆ ಊರಿನ ಹೆಸರಿನ ಕೆಳಗೆ ‘ವಿಧವೆ ನಡೆಸುವ ಮನೆ: 1’ ಎಂದಿದೆ. ಪಕ್ಕದಲ್ಲೇ ಆ ಮನೆಯ ಸಾಲ. ಅದು ನನ್ನ ಅಮ್ಮನ ಮನೆ. ಇನ್ನು ಜನಗಣತಿಯವರು ಬಂದರೆ ನಿಜ ಹೇಳಬೇಕಾ?”

ನಿಮ್ಮ ಸಿಟ್ಟು ನ್ಯಾಯವಾದದ್ದು. ಪತ್ರ ಓದಿ ನನಗೂ ಸಂಕಟವಾಯಿತು. ಆ ಸಂಶೋಧಕರು ಕೆಟ್ಟ ಉದ್ದೇಶದಿಂದ ಮಾಡಿರಲಾರರು. ಹೆಸರು ತೆಗೆದರೆ ಗುಟ್ಟು ಉಳಿಯಿತು ಎಂದುಕೊಂಡಿದ್ದಾರೆ. ತಪ್ಪಿರುವುದು ಅಲ್ಲೇ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 17,52,753. ಅಷ್ಟು ಜನರ ನಡುವೆ ‘1’ ಎಂಬ ಅಂಕಿ ಯಾರೆಂದು ಗೊತ್ತಾಗುವುದಿಲ್ಲ. ಗುಡ್ಡಕ್ಕೊಂದು, ತೋಟಕ್ಕೊಂದು ಮನೆ ಇರುವ ಮಲೆನಾಡಿನ ಊರಲ್ಲಿ ಅದೇ ‘1’ ಒಬ್ಬ ಮನುಷ್ಯನ ಮುಖ. ಬಯಲುಸೀಮೆಯ ದೊಡ್ಡ ಹಳ್ಳಿಗೆ ಮಾಡಿದ ಕೋಷ್ಟಕವನ್ನು ಹಾಗೇ ತಂದು ನಮ್ಮ ಮಜರೆಗಳಿಗೆ ಹಾಕಿದರೆ ಹೀಗೇ ಆಗುವುದು.

ಪಟ್ಟಣದವರೂ ಇದರಿಂದ ತಪ್ಪಿಸಿಕೊಂಡಿಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧನೆಗೆ ಕೊಟ್ಟಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಅದನ್ನು ಮತದಾರರ ಪಟ್ಟಿಯ ಪಕ್ಕ ಇಟ್ಟು ನೋಡಿದರು. ಪಿನ್‌ಕೋಡ್, ಹುಟ್ಟಿದ ದಿನ, ಗಂಡೋ ಹೆಣ್ಣೋ, ಇಷ್ಟೇ ಸಾಕಾಯಿತು. ಆ ರಾಜ್ಯದ ಗವರ್ನರ್ ಅವರ ದಾಖಲೆಯೇ ಸಿಕ್ಕಿಬಿಟ್ಟಿತು! ನಮ್ಮಲ್ಲೇ ನೋಡಿ, ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ತಾವು ಅಧ್ಯಯನ ಮಾಡಿದ ಮೈಸೂರು ಸೀಮೆಯ ಹಳ್ಳಿಯನ್ನು ‘ರಾಮಪುರ’ ಎಂದು ಕರೆದರು. ಆದರೂ ಅದು ಯಾವ ಊರು ಎಂಬುದು ಮುಚ್ಚಿಟ್ಟ ವಿಷಯವಾಗಿ ಉಳಿಯಲಿಲ್ಲ.

ಹಾಗಂತ ಲೆಕ್ಕವೇ ಬೇಡ ಎನ್ನಲು ನನಗೆ ಮನಸ್ಸಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನ ಜ್ವರದಿಂದ ಮಲಗಿದರು. ಎಲ್ಲಿ ಮಂಗ ಸತ್ತಿದೆ, ಯಾವ ಊರಲ್ಲಿ ಜ್ವರ ಬಂದಿದೆ ಎಂದು ಯಾರೋ ಬರೆದಿಟ್ಟುಕೊಳ್ಳದಿದ್ದರೆ ಮಂಗನ ಕಾಯಿಲೆಯ ಜಾಡು ಹಿಡಿಯುವುದು ಸಾಧ್ಯವಿರಲಿಲ್ಲ. ಅಲ್ಲಿ ಬೇಕಿದ್ದದ್ದು ಜಾಗ. ಯಾವ ಮನೆಯ ಯಾರಿಗೆ ಎಂಬುದು ವೈದ್ಯರ ಪುಸ್ತಕದಲ್ಲಿದ್ದರೆ ಸಾಕು, ಅಚ್ಚಾಗಬೇಕಿಲ್ಲ.

ಗುಟ್ಟು ಉಳಿಸಿಯೂ ಲೆಕ್ಕ ತೆಗೆಯುವ ದಾರಿಗಳಿವೆ. ನನಗೆ ತುಂಬಾ ಇಷ್ಟವಾದದ್ದು ನಾಣ್ಯದ ದಾರಿ. ಇದರ ಮೂಲ ಯೋಚನೆಯನ್ನು 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬುವರು ಮುಂದಿಟ್ಟರು. “ಬಡ್ಡಿ ಸಾಲ ಇದೆಯಾ?” ಎಂದು ನೂರು ಜನರನ್ನು ಕೇಳಬೇಕು ಅಂದುಕೊಳ್ಳಿ. ಪ್ರತಿಯೊಬ್ಬರೂ ಮರೆಯಲ್ಲಿ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ಸಾಲ ಇರಲಿ ಬಿಡಲಿ, ಸುಮ್ನೆ ‘ಹೌದು’ ಅನ್ನಬೇಕು. ಬಾಲ ಬಿದ್ದರೆ ನಿಜ ಹೇಳಬೇಕು. 60 ಜನ ‘ಹೌದು’ ಅಂದರು ಎಂದಿಟ್ಟುಕೊಳ್ಳಿ. ಸುಮಾರು 50 ಜನರಿಂದ ಹಾಗೆ ಹೇಳಿಸಿದ್ದು ನಾಣ್ಯ. ಉಳಿದ 50ರಲ್ಲಿ 10 ಜನಕ್ಕೆ ನಿಜವಾಗಿಯೂ ಸಾಲವಿದೆ. ಅಂದರೆ ಊರಲ್ಲಿ ನೂರಕ್ಕೆ 20 ಜನ ಸಾಲಗಾರರು. ಲೆಕ್ಕ ಸಿಕ್ಕಿತು, ಆದರೆ ‘ಹೌದು’ ಎಂದ ನಿಮ್ಮ ಅಮ್ಮನಿಗೆ ಸಾಲವಿದೆಯೋ ಇಲ್ಲವೋ ಎಂದು ಕೇಳಿದವರಿಗೂ ಹೇಳಲಾಗದು.

ಅಮೆರಿಕದವರು 2020ರ ಜನಗಣತಿಯಲ್ಲಿ ಇದರದೇ ದೊಡ್ಡ ರೂಪವನ್ನು ಬಳಸಿದರು. ಸಣ್ಣ ಜಾಗಗಳ ಅಂಕಿಗಳನ್ನು ಬೇಕೆಂದೇ ಸ್ವಲ್ಪ ಅಲುಗಿಸಿ ಪ್ರಕಟಿಸಿದರು. ರಾಜ್ಯಗಳ ಒಟ್ಟು ಜನಸಂಖ್ಯೆ ಮಾತ್ರ ಇದ್ದ ಹಾಗೇ ಉಳಿಯಿತು. ಸಣ್ಣ ಊರಿನ ಅಂಕಿ ಕೆಡುತ್ತದೆ ಎಂದು ಅಲ್ಲಿನ ಹಲವು ಸಂಶೋಧಕರು ವಿರೋಧಿಸಿದರು. ನನಗೆ ಅವರ ಮಾತು ಸರಿ ಅನ್ನಿಸುತ್ತದೆ. ಒಂಬತ್ತು ಮನೆಯ ಊರಲ್ಲಿ ಇಬ್ಬರು ಮಕ್ಕಳು ಕಾಗದದ ಮೇಲೆ ಇಲ್ಲವಾದರೆ ಅಂಗನವಾಡಿ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುವುದು? ನಮಗೆ ಹೊಂದುವುದು ಸರಳ ದಾರಿ. ಸಾಲ, ಕಾಯಿಲೆಯಂಥ ವಿಷಯವನ್ನು ಮಜರೆಯ ಲೆಕ್ಕದಲ್ಲಿ ಹಾಕಬಾರದು, ಇಡೀ ಗ್ರಾಮ ಪಂಚಾಯಿತಿಯನ್ನು ಒಟ್ಟು ಮಾಡಿ ಹಾಕಬೇಕು.

ಈಗ ನಿಮ್ಮ ಪ್ರಶ್ನೆ. ವಿಶ್ವವಿದ್ಯಾಲಯದ ಸಮೀಕ್ಷೆಯೇ ಬೇರೆ, ಜನಗಣತಿಯೇ ಬೇರೆ. ಸಮೀಕ್ಷೆಗೆ ಉತ್ತರ ಕೊಡುವುದು ನಿಮ್ಮ ಇಷ್ಟ. ಅರ್ಧಕ್ಕೇ ನಿಲ್ಲಿಸಿ ‘ಸಾಕು’ ಅನ್ನಬಹುದು. ಜನಗಣತಿಗೆ ಉತ್ತರ ಕೊಡಲೇಬೇಕು, ಆದರೆ ಅದಕ್ಕೆ ಬಿಗಿಯಾದ ಬೇಲಿಯೂ ಇದೆ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿದಾರರು ಬರೆದುಕೊಂಡದ್ದನ್ನು ಬೇರೆ ಯಾರೂ ತೆಗೆಸಿ ನೋಡುವಂತಿಲ್ಲ. ಆಸ್ತಿ ವ್ಯಾಜ್ಯದಲ್ಲಿ ಅದನ್ನು ಸಾಕ್ಷಿಯಾಗಿಯೂ ತರುವಂತಿಲ್ಲ. ಹೊರಗೆ ಹೇಳಿದ ಗಣತಿದಾರರಿಗೆ ಶಿಕ್ಷೆಯಿದೆ. ರೂಢಿಯಂತೆ ಗಂಡನ ಹೆಸರು ಹೇಳದ ಹೆಂಗಸನ್ನು ಹೇಳು ಎಂದು ಒತ್ತಾಯಿಸುವಂತಿಲ್ಲ ಎಂಬುದೂ ಆ ಕಾಯ್ದೆಯಲ್ಲಿದೆ. 2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ಬಂದು ನಿಂತಿದೆ, ಈ ಸಲ ಜಾತಿಯನ್ನೂ ಕೇಳುತ್ತಾರೆ. ನಿಜ ಹೇಳಿ ಅಂತಲೇ ನನ್ನ ಮಾತು. ನಿಮ್ಮ ಊರು ಲೆಕ್ಕದಿಂದ ಬಿಟ್ಟುಹೋಗಬಾರದು.

ಪ್ರಬಂಧದ ವಿಷಯ ಬಿಡಬೇಡಿ. ಅದನ್ನು ಶೋಧಗಂಗಾ ಎಂಬ ಪಿಎಚ್.ಡಿ. ಪ್ರಬಂಧಗಳ ಜಾಲತಾಣದಲ್ಲಿ ಹಾಕಿದ್ದರೆ ಯಾರು ಬೇಕಾದರೂ ಓದಬಹುದು. ಸಂಶೋಧಕರಿಗೂ ಅವರ ಮಾರ್ಗದರ್ಶಕರಿಗೂ ಪುಟದ ಸಂಖ್ಯೆ ಹಾಕಿ ಪತ್ರ ಬರೆಯಿರಿ. ಕೋಷ್ಟಕದ ಆ ಸಾಲನ್ನು ಪಕ್ಕದ ಊರುಗಳ ಜೊತೆ ಸೇರಿಸಿ ಪುಟ ಬದಲಿಸಲು ಕೇಳಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಪತ್ರದಲ್ಲಿ ಅದನ್ನೂ ಬರೆಯಿರಿ. ಕರಡು ಬೇಕಿದ್ದರೆ ನಾವು ಕೂತು ಬರೆದುಕೊಡುತ್ತೇವೆ.

ಅಂದಹಾಗೆ, ಇಲ್ಲಿ ನಿಮ್ಮ ತಾಲ್ಲೂಕನ್ನು ನಾವು ಹಾಕಿಲ್ಲ. ಮನೆಗಳ ಸಂಖ್ಯೆಯನ್ನೂ ಕೋಷ್ಟಕದ ಮಾತನ್ನೂ ನಿಮ್ಮ ಒಪ್ಪಿಗೆ ಪಡೆದು ಬದಲಿಸಿದ್ದೇವೆ. ಅಮ್ಮನಿಗೆ ಈ ಸಂಚಿಕೆ ತೋರಿಸುವಾಗ ಅದನ್ನೂ ಹೇಳಿ.