ಆಡಿಯೊ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ಹಾಡು ಕತ್ತರಿಸಿ ಜೋಡಿಸಿದ ಕಡೆ ‘ಟಪ್’ ಅನ್ನುತ್ತದೆ, ಏನು ಮಾಡಲಿ?
ಕತ್ತರಿಸಿದ ಜಾಗ ಸರಿಯಿಲ್ಲ, ಅಷ್ಟೇ. ಚೆನ್ನಾಗಿ ಜೂಮ್ ಮಾಡಿ ನೋಡಿ. ಸದ್ದಿನ ಅಲೆ ನಡುವಿನ ಸೊನ್ನೆ ಗೆರೆಯ ಮೇಲೆ, ಕೆಳಗೆ ಓಡುತ್ತಿರುತ್ತದೆ ಅಲ್ವಾ? ಅದು ಮೇಲಿರುವಾಗ ಕತ್ತರಿಸಿ, ಕೆಳಗಿನಿಂದ ಶುರುವಾಗುವ ತುಂಡಿಗೆ ಜೋಡಿಸಿದರೆ ಅಲೆ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತವೇ ಕಿವಿಗೆ ‘ಟಪ್’.

ಬೇಡದ ಭಾಗವನ್ನು ಸೆಲೆಕ್ಟ್ ಮಾಡಿ, ಝಡ್ ಕೀ ಒತ್ತಿ. ಎರಡೂ ತುದಿಗಳು ಅಲೆ ಸೊನ್ನೆ ದಾಟುವ ಹತ್ತಿರದ ಜಾಗಕ್ಕೆ ಸರಿಯುತ್ತವೆ. ಆಮೇಲೆ ಡಿಲೀಟ್ ಮಾಡಿ. ‘ಟಪ್’ ಇನ್ನೂ ಉಳಿದಿದ್ದರೆ ಮೊದಲ ತುಂಡಿನ ಕೊನೆಗೆ ಫೇಡ್ ಔಟ್ (ಸದ್ದು ಹಂತಹಂತವಾಗಿ ಇಳಿಯುವುದು), ಮುಂದಿನದರ ಶುರುವಿಗೆ ಫೇಡ್ ಇನ್ (ಹಂತಹಂತವಾಗಿ ಏರುವುದು) ಕೊಡಿ. 5ರಿಂದ 10 ಮಿಲಿಸೆಕೆಂಡ್ ಸಾಕು.

ಹಾಡುವವರ ಉಸಿರನ್ನು ಮಾತ್ರ ಪೂರ್ತಿ ತೆಗೆಯಬೇಡಿ. ಪಲ್ಲವಿಗೆ ಮುಂಚಿನ ಆ ಸಣ್ಣ ಉಸಿರು ಹೋದರೆ ಹಾಡಿನ ಜೀವವೇ ಹೋದಂತೆ. ಜಾಸ್ತಿ ಕೇಳಿಸಿದರೆ ಉಸಿರಿನ ಸದ್ದನ್ನು ಮಾತ್ರ 6 ಡೆಸಿಬಲ್ ಇಳಿಸಿ ನೋಡಿ.