ಪ್ರಾರ್ಥನೆ ಮಾಡಿದರೂ ನೆಮ್ಮದಿ ಇಲ್ಲ, ಏನು ಮಾಡಲಿ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು ನಾನು. ಎರಡು ಎಕರೆ ಅಡಿಕೆ ತೋಟ ಇದೆ. ಎಲೆಚುಕ್ಕೆ ರೋಗ ಬಂದ ಮೇಲೆ ಫಸಲು ಅರ್ಧಕ್ಕರ್ಧ ಇಳಿದಿದೆ. ಸೊಸೈಟಿ ಸಾಲ ಹಾಗೇ ನಿಂತಿದೆ. ಯಜಮಾನರು ಮಾತು ಕಡಿಮೆ ಮಾಡಿದ್ದಾರೆ. ‘ನಾನಿಲ್ಲದಿದ್ದರೇ ನಿಮಗೆಲ್ಲ ಒಳ್ಳೇದು’ ಅನ್ನುತ್ತಾರೆ. ರಾತ್ರಿ ಜಪಸರ ಹಿಡಿದು ಕೂತರೂ ತಲೆಯಲ್ಲಿ ಬಡ್ಡಿ ಲೆಕ್ಕವೇ ಓಡುತ್ತದೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು ‘ನಿನಗೆ ವಿಶ್ವಾಸ ಸಾಲದು, ಅದಕ್ಕೇ ಶಾಂತಿ ಇಲ್ಲ’ ಅಂದರು. ಅಂದಿನಿಂದ ಚರ್ಚಿಗೆ ಹೋಗಲೂ ಸಂಕೋಚ. ದೇವರು ನನ್ನ ಕೈಬಿಟ್ಟರೇ?

ಉತ್ತರ: ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಯಜಮಾನರ ಆ ಮಾತು. ಬೇಜಾರಲ್ಲಿ ಸುಮ್ನೆ ಆಡಿದ್ದು ಎಂದು ಬಿಡಬೇಡಿ. ಇವತ್ತೇ, ಇಬ್ಬರೇ ಇರುವಾಗ, ‘ಸಾಯುವ ಯೋಚನೆ ಬರ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಹೆದರಿಕೆ ಬೇಡ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟಕ್ಕೆ ಹೊಡೆಯುವ ಔಷಧಿ ಡಬ್ಬಗಳನ್ನು ಈಗಲೇ ಮನೆಯಿಂದ ಸಾಗಿಸಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು. ಹಗಲು ರಾತ್ರಿ ಸಿಗುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ‘ವಿಶ್ವಾಸ ಸಾಲದು’ ಎಂಬ ಮಾತು. ಓದಿ ನನಗೆ ಸಿಟ್ಟೇ ಬಂತು. ಯಾವುದಕ್ಕೂ ಚಿಂತೆ ಮಾಡಬೇಡಿ ಎಂದು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಪತ್ರ ಬರೆದಾಗ ಸಂತ ಪೌಲರು ಸೆರೆಯಲ್ಲಿದ್ದರು. ಅದೇ ಪತ್ರದ ಎರಡನೇ ಅಧ್ಯಾಯ ತೆಗೆದು ನೋಡಿ. ಅವರ ಜೊತೆಗಾರ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ಅವನು ಹೋಗಿಬಿಟ್ಟಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಎನ್ನುತ್ತಾರೆ ಪೌಲರು. ಅವನು ಊರು ಸೇರಿದರೆ ನನ್ನ ಚಿಂತೆಯೂ ಕಡಿಮೆಯಾದೀತು ಎಂದೂ ಬರೆಯುತ್ತಾರೆ. ಚಿಂತೆ ಬೇಡ ಎಂದವರಿಗೇ ಚಿಂತೆ ಇತ್ತು. ಅವರಿಗೆ ವಿಶ್ವಾಸ ಸಾಲದು ಎನ್ನೋಣವೇ? ಬೈಬಲಿನ 88ನೇ ಕೀರ್ತನೆಯಂತೂ ಕತ್ತಲೆಯ ಮಾತಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ದೇವರೇ, ಯಾಕೆ ನನ್ನ ಕೈಬಿಟ್ಟೆ ಎಂದು ಶಿಲುಬೆಯ ಮೇಲೆ ಯೇಸುಸ್ವಾಮಿಯೇ ಕೂಗಿದರು. ಇಲ್ಲ, ನಿಮ್ಮನ್ನು ದೇವರು ಕೈಬಿಟ್ಟಿಲ್ಲ. ನೀವು ಕೇಳಿದ್ದನ್ನು ನಿಮಗಿಂತ ಮೊದಲು ಅವರೇ ಕೇಳಿದ್ದಾರೆ.

ಹಾಗಾಗಿ ಬಡ್ಡಿ ಲೆಕ್ಕವನ್ನು ತಲೆಯಿಂದ ಓಡಿಸಿ ಆಮೇಲೆ ಪ್ರಾರ್ಥನೆ ಮಾಡುತ್ತೇನೆ ಎಂದು ಹೊರಡಬೇಡಿ. ಆ ಲೆಕ್ಕವನ್ನೇ ದೇವರಿಗೆ ಹೇಳಿ. ಅಸಲು ಇಷ್ಟು, ಬಡ್ಡಿ ಇಷ್ಟು, ಕಂತು ಹತ್ತಿರ ಬಂತು, ಭಯ ಆಗ್ತಿದೆ. ಪ್ರಾರ್ಥನೆ ಅಂದರೆ ಅದೂ ಹೌದಲ್ವಾ? ಬೆಳಿಗ್ಗೆ ಎದ್ದಾಗ ಸಾಲ ಹಾಗೇ ಇರುತ್ತದೆ. ಆದರೆ ಅಷ್ಟೂ ಭಾರ ನನ್ನೊಬ್ಬಳದೇ ಎಂಬ ಗಾಬರಿ ಮೆಲ್ಲಗೆ ಸಡಿಲವಾಗುತ್ತದೆ. ಕ್ರಿಸ್ತರು ಕೊಡುವ ಶಾಂತಿ ಎಂದು ನಾನು ನಂಬಿರುವುದು ಇದನ್ನೇ.

ಪ್ರವಾದಿ ಎಲೀಯನೂ ಒಮ್ಮೆ ಸಾಕಾಗಿ, ಪ್ರಾಣ ತೆಗೆದುಕೊಂಡುಬಿಡು ದೇವರೇ ಎಂದು ಗಿಡದ ಕೆಳಗೆ ಮಲಗಿಬಿಟ್ಟ. ಬಂದ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು ಎದ್ದು ತಿನ್ನು ಅಂದ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ನೀವಿಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ. ಜಪಸರ ಅರ್ಧವಾಗುವಾಗಲೇ ನಿದ್ದೆ ಬಂದರೆ ಮಲಗಿಬಿಡಿ, ಪಾಪವೇನಲ್ಲ.

ಪಾಸ್‌ಬುಕ್ ಹಿಡಿದು ಇಬ್ಬರೂ ಸೊಸೈಟಿಗೆ ಹೋಗಿ, ಕಂತು ಮುಂದಕ್ಕೆ ಹಾಕಲು ದಾರಿ ಇದೆಯೇ ಎಂದು ಕಾರ್ಯದರ್ಶಿಯನ್ನು ಕೇಳಿ. ಎಲೆಚುಕ್ಕೆ ಮಲೆನಾಡಿನ ಎಷ್ಟೋ ತೋಟಗಳನ್ನು ಹಾಳು ಮಾಡಿದೆ, ಕೇಳಲು ನಾಚಿಕೆ ಬೇಡ. ಆ ಕೂಟಕ್ಕೆ ಸ್ವಲ್ಪ ದಿನ ಹೋಗದಿದ್ದರೂ ನಡೆಯುತ್ತದೆ. ಭಾನುವಾರದ ಪೂಜೆ ಮಾತ್ರ ಬಿಡಬೇಡಿ, ಹಿಂದಿನ ಬೆಂಚಿನಲ್ಲಿ ಕೂತರೂ ಸರಿ. ಆದರೆ ಫಾದರ್‌ಗೆ ಹೇಳಲು ಭಾನುವಾರದವರೆಗೆ ಕಾಯಬೇಡಿ. ಯಜಮಾನರ ವಿಷಯ ಇವತ್ತೇ ತಿಳಿಸಿ, ಒಮ್ಮೆ ಮನೆಗೆ ಬಂದು ಮಾತಾಡಿಸಿ ಎಂದು ಕೇಳಿಕೊಳ್ಳಿ.