ಬಿಗ್ ಬಾಸ್ ನೋಡಿ ಮಗಳು ಫ್ರೆಂಡನ್ನೇ ಎಲಿಮಿನೇಟ್ ಮಾಡಿದಾಳೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಮ್ದು ಅತ್ತೆ ಮಾವ ಎಲ್ಲ ಒಟ್ಟಿಗಿರೋ ಮನೆ, ಟಿವಿ ಒಂದೇ. ರಾತ್ರಿ ಒಂಬತ್ತೂವರೆ ಆಯ್ತಂದ್ರೆ ಅತ್ತೆಗೆ ಬಿಗ್ ಬಾಸ್ ಬೇಕೇ ಬೇಕು. 9 ವರ್ಷದ ಮಗಳು ಅಜ್ಜಿ ಪಕ್ಕ ಕೂತು ತಟ್ಟೆ ಹಿಡ್ಕೊಂಡೇ ನೋಡ್ತಾಳೆ. ತಮ್ಮನಿಗೆ ಮಾತೆತ್ತಿದ್ರೆ "ನಿನ್ನ ನಾಮಿನೇಟ್ ಮಾಡ್ತೀನಿ" ಅಂತಿದ್ಲು, ನಗಾಡ್ಕೊಂಡು ಬಿಟ್ಟಿದ್ವಿ. ಮೊನ್ನೆ ಸ್ಕೂಲಿಂದ ಟೀಚರ್ ಕರೆಸಿದ್ರು, ಇವರೆಲ್ಲ ಚೀಟಿ ಬರೆದು ಒಬ್ಬ ಹುಡುಗೀನ ಗುಂಪಿಂದ ಎಲಿಮಿನೇಟ್ ಮಾಡಿದಾರಂತೆ, ಆ ಮಗು ಒಬ್ಬಳೇ ಕೂತು ಡಬ್ಬಿ ತಿಂದಿದಾಳೆ. ಶೋ ನಿಲ್ಸೋಣ ಅಂದ್ರೆ ಮನೇಲಿ ಜಗಳ ಆಗುತ್ತೆ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಟಿವಿ ವಿಷಯ ಆಮೇಲೆ, ಮೊದ್ಲು ಒಬ್ಬಳೇ ಕೂತು ಡಬ್ಬಿ ತಿಂದಳಲ್ಲ ಆ ಹುಡುಗಿ ವಿಷಯ ನೋಡಿ. ಅವಳ ಅಮ್ಮನಿಗೆ ಇವತ್ತೇ ಫೋನ್ ಮಾಡಿ ಮಾತಾಡಿ. ಚೀಟೀಲಿ ಏನ್ ಕಾರಣ ಬರೆದಿದ್ರಿ ಅಂತ ಮಗಳನ್ನ ಬೈಯ್ದೆ ಕೇಳಿ. ಬಿಗ್ ಬಾಸ್ ಮನೇಲಿರೋರು ದೊಡ್ಡೋರು, ಅಗ್ರಿಮೆಂಟ್‌ಗೆ ಸೈನ್ ಹಾಕಿ, ದುಡ್ಡು ತಗೊಂಡು, ಒಂದಿನ ಆಚೆ ಕಳಿಸ್ತಾರೆ ಅಂತ ಗೊತ್ತಿದ್ದೇ ಒಳಗೆ ಹೋಗಿರ್ತಾರೆ, ನಿನ್ನ ಫ್ರೆಂಡು ಯಾವ ಆಟಕ್ಕೂ ಹ್ಞೂಂ ಅಂದಿರ್ಲಿಲ್ಲ ಅಂತ ಹೇಳಿ. ಅವಳಿಗೆ ಖಂಡಿತ ಅರ್ಥ ಆಗುತ್ತೆ.

ಆ ವಯಸ್ಸಿಗೆ ತಾನಾಗೇ ಹೊಳೆಯದೇ ಇರೋದು ಎಡಿಟಿಂಗ್. ಇಡೀ ದಿನ ಕ್ಯಾಮೆರಾ ಓಡುತ್ತೆ, ನಮಗೆ ತೋರ್ಸೋದು ಒಂದು ಒಂದೂವರೆ ಗಂಟೆ, ಅದ್ರಲ್ಲೂ ಪ್ರೋಮೋಗೆ ಬರೋದು ಬರೀ ಕಿರುಚಾಟ. ಒಂದ್ ಕೆಲ್ಸ ಮಾಡಿ, ಅಕ್ಕ ತಮ್ಮ ಆಡೋವಾಗ ಮೊಬೈಲಲ್ಲಿ ಹತ್ತು ನಿಮಿಷ ವಿಡಿಯೋ ತೆಗೆದು, ಅವಳು ತಮ್ಮನ ಮೇಲೆ ರೇಗೋ ಇಪ್ಪತ್ತು ಸೆಕೆಂಡ್ ಮಾತ್ರ ಕಟ್ ಮಾಡಿ ತೋರ್ಸಿ. "ಆಮೇಲೆ ನಾನು ಅವನಿಗೆ ಬಾಲ್ ಕೊಟ್ನಲ್ಲ, ಅದನ್ನ ಯಾಕ್ ತೆಗೆದೆ?" ಅಂತ ಅವಳೇ ಕೇಳ್ಬಹುದು, ಕೇಳ್ದಿದ್ರೆ ಪೂರ್ತಿ ವಿಡಿಯೋ ಹಾಕಿ. ಇದು ಅವಳೊಬ್ಬಳಿಗೇ, ನೆಂಟರ ಮುಂದೆ ಬೇಡ, ತೋರ್ಸಿದ್ಮೇಲೆ ಡಿಲೀಟ್ ಮಾಡಿ.

ಅತ್ತೆಯವರ ಹತ್ರ ಮಗು ಮಲಗಿದ್ಮೇಲೆ ಮಾತಾಡಿ, ಶೋ ಕೆಟ್ಟದು ಅಂತ ಶುರು ಮಾಡ್ಬೇಡಿ, ಸ್ಕೂಲಲ್ಲಿ ಆಗಿದ್ದನ್ನ ಹೇಳಿ. ಮಗು ಊಟ ಎಂಟೂವರೆಗೆ ಮುಗಿದು, ಒಂಬತ್ತೂವರೆಗೆ ಹಾಸಿಗೆ ಸೇರ್ಲಿ, ನಾಳೆ ಸ್ಕೂಲಿದೆ ಅಂದ್ರೆ ಯಾವ ಅಜ್ಜೀನೂ ಬೇಡ ಅನ್ನಲ್ಲ. ಪೂರ್ತಿ ಬಿಡಿಸೋಕೆ ಆಗಲ್ಲ ಅಂದ್ರೆ ಸುದೀಪ್ ಬರೋ ವೀಕೆಂಡ್ ಎಪಿಸೋಡ್ ಒಂದು ಇಟ್ಕೊಳ್ಳಿ, ವಾರದಲ್ಲಿ ಯಾರು ಹದ್ದು ಮೀರಿ ಮಾತಾಡಿದ್ರೋ ಅವರನ್ನ ಅಲ್ಲಿ ಅವರು ಕೇಳ್ತಾರೆ. ಅವರು ಬಾಯಿ ಬಿಡೋಕೆ ಮುಂಚೆ ನೀವೇ "ಇಲ್ಲಿ ತಪ್ಪು ಯಾರ್ದು, ಯಾಕೆ?" ಅಂತ ಮಗಳನ್ನ ಕೇಳಿ, ಅಜ್ಜೀನೂ ಹೇಳ್ಲಿ.

ಮೊಬೈಲ್ ವಿಷಯ. 2021ರ ಐಟಿ ನಿಯಮದ ಪ್ರಕಾರ ಒಟಿಟಿಯವರು ಯು, ಯು/ಎ 7+, 13+, 16+, ಎ ಅಂತ ವಯಸ್ಸು ಹಾಕ್ಬೇಕು, 13+ ಮತ್ತೆ ಅದಕ್ಕಿಂತ ಮೇಲಿನದಕ್ಕೆ ಪೇರೆಂಟಲ್ ಲಾಕ್ ಕೊಡ್ಬೇಕು. ಸೆಟ್ಟಿಂಗ್ಸಲ್ಲಿದೆ, ಪಿನ್ ಹಾಕ್ಕೊಳ್ಳಿ, ಆದ್ರೆ ರೀಲ್ಸಲ್ಲಿ ಬರೋ ಜಗಳದ ತುಣುಕಿಗೆ ಈ ಲಾಕ್ ಕೆಲ್ಸ ಮಾಡಲ್ಲ, ಫೋನನ್ನೇ ಕೈಗೆ ಕೊಡ್ದೇ ಇರ್ಬೇಕು. ಟಿವಿ ಚಾನೆಲ್‌ನಲ್ಲಿ ಏನಾದ್ರೂ ಅತಿಯಾಯ್ತು ಅನ್ಸಿದ್ರೆ ಬಿಸಿಸಿಸಿ ಅನ್ನೋ ಚಾನೆಲ್‌ಗಳ ದೂರು ಮಂಡಳಿ 2011ರಿಂದ ಇದೆ, ದಿನಾಂಕ, ಟೈಮ್ ಬರೆದು ಕಳಿಸಿ. ಶೋ ಟೈಮೇ ಬದಲಾಗ್ಲಿ ಅಂತ ಮಾತ್ರ ಕಾಯ್ಬೇಡಿ, 2010ರಲ್ಲಿ ಹಿಂದಿ ಬಿಗ್ ಬಾಸನ್ನ ರಾತ್ರಿ 11ರ ನಂತರ ಹಾಕಿ ಅಂತ ಕೇಂದ್ರ ಸರ್ಕಾರ ಹೇಳಿತ್ತು, ಬಾಂಬೆ ಹೈಕೋರ್ಟ್ ಅದಕ್ಕೆ ತಡೆ ಕೊಡ್ತು.

ಪ್ರಶ್ನೆ: ನನ್ನ ಮಗ ಚೆನ್ನಾಗಿ ಹಾಡ್ತಾನೆ, 7 ವರ್ಷ. ಸಿಂಗಿಂಗ್ ಶೋ ಆಡಿಷನ್‌ಗೆ ಕಳಿಸ್ಬಹುದಾ?
— ಒಬ್ಬ ತಂದೆ, ಹಾಸನ

ಉತ್ತರ: ಅವನಿಗೆ ಆಸೆ ಇದ್ರೆ ಕಳಿಸಿ, ಬರೀ ನಿಮಗಿದ್ರೆ ಬೇಡ. ಸೆಲೆಕ್ಟ್ ಆದ್ರೆ ಸೈನ್ ಹಾಕೋ ಮುಂಚೆ ಇಷ್ಟು ತಿಳ್ಕೊಳ್ಳಿ: ದಿನಕ್ಕೆ 5 ಗಂಟೆ ಮೀರಿ ಕೆಲ್ಸ ಮಾಡಿಸೋ ಹಾಗಿಲ್ಲ, ರೆಸ್ಟ್ ಕೊಡ್ದೆ 3 ಗಂಟೆ ದಾಟೋ ಹಾಗಿಲ್ಲ, ಒಂದೇ ಸಮನೆ 27 ದಿನಕ್ಕಿಂತ ಜಾಸ್ತಿ ಇಲ್ಲ, ಬರೋ ದುಡ್ಡಲ್ಲಿ ಕನಿಷ್ಠ ಶೇ. 20 ಮಗು ಹೆಸರಲ್ಲಿ ಎಫ್‌ಡಿ ಆಗ್ಬೇಕು. ಇದೆಲ್ಲ 2017ರಿಂದ ಬಾಲಕಾರ್ಮಿಕ ನಿಯಮದಲ್ಲೇ ಇದೆ. ಜಿಲ್ಲಾಧಿಕಾರಿ ಪರ್ಮಿಷನ್ ತಗೊಂಡಿದೀರಾ ಅಂತ ಪ್ರೊಡಕ್ಷನ್‌ನವರನ್ನ ಮುಲಾಜಿಲ್ದೆ ಕೇಳಿ, ತೋರ್ಸೋಕೆ ಹಿಂದೆ ಮುಂದೆ ನೋಡಿದ್ರೆ ಮಗನ್ನ ಕರ್ಕೊಂಡು ವಾಪಸ್ ಬನ್ನಿ.